ಜೀವಕೋಶದಲ್ಲಿರುವ ‘ಕೋಶ’ ಯಾವುದು?

ಪದಕೋಶ, ವಿಶ್ವಕೋಶ, ಕೋಶಾಧ್ಯಕ್ಷ. ಇವೆಲ್ಲದರಲ್ಲೂ ಇರುವ ‘ಕೋಶ’ಕ್ಕೆ ಚೀಲ, ಒರೆ, ಬೊಕ್ಕಸ ಎಂಬ ಅರ್ಥಗಳಿವೆ. ಒಟ್ಟಿನಲ್ಲಿ, ಏನನ್ನೋ ಒಳಗಿಟ್ಟು ಕಾಯುವಂಥದ್ದು. ಜೀವಕೋಶದಲ್ಲಿರುವುದೂ ಅದೇ ಪದ. ‘ಜೀವಿಗಳ ಮೂಲ ಘಟಕ’ ಎಂದು ಬಾಯಿಪಾಠ ಮಾಡುವ ಮೊದಲು ಇದನ್ನು ಗಮನಿಸಿದರೆ ಅರ್ಧ ಪಾಠ ಅಲ್ಲೇ ತಿಳಿಯುತ್ತದೆ.

ಇಂಗ್ಲಿಷಿನ ‘ಸೆಲ್’ ಅಂದರೆ ಚಿಕ್ಕ ಕೋಣೆ. 1665ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಕಾರ್ಕಿನ ತೆಳು ಸೀಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಜೇನುಹುಟ್ಟಿನಂಥ ಖಾನೆಗಳು ಕಂಡವು. ಒಂದು ಘನ ಅಂಗುಲದಲ್ಲಿ ಇಂಥವು 125 ಕೋಟಿಗೂ ಜಾಸ್ತಿ ಎಂದು ಲೆಕ್ಕ ಹಾಕಿದ. ಆದರೆ ಕಾರ್ಕ್ ಅಂದರೆ ಮರದ ಸತ್ತ ತೊಗಟೆ. ಜೀವ ಹೋಗಿ ಗೋಡೆಗಳಷ್ಟೇ ಉಳಿದಿದ್ದವು. ಕಂಡದ್ದು ಖಾಲಿ ಕೋಣೆ, ಇಟ್ಟ ಹೆಸರೂ ಅದೇ. ಆ ಗೋಡೆಯನ್ನು ಈಗ ಕೋಶಭಿತ್ತಿ ಅನ್ನುತ್ತೇವೆ. ಪ್ರಾಣಿಗಳ ಜೀವಕೋಶಕ್ಕೆ ಅದು ಇಲ್ಲವೇ ಇಲ್ಲ. ಹಾಗಾಗಿ ನಮ್ಮ ಪದವೇ ಹೆಚ್ಚು ಒಪ್ಪುತ್ತದೆ ಅನ್ನಿಸುತ್ತದೆ ನನಗೆ.

ತುಂಬಿದ ಕೋಶವನ್ನು ನೋಡಬೇಕೇ? ಕೆನ್ನೆಯ ಒಳಮೈಯನ್ನು ಚೊಕ್ಕಟವಾದ ಕಡ್ಡಿಯಿಂದ ಮೆತ್ತಗೆ ಸವರಿ, ಅದನ್ನು ಗಾಜಿನ ಸ್ಲೈಡಿಗೆ ಹಚ್ಚಿ, ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ಒಂದು ಹನಿ ಹಾಕಿ. ಸೂಕ್ಷ್ಮದರ್ಶಕದಲ್ಲಿ ತೆಳ್ಳನೆ ಬಿಲ್ಲೆಗಳು ಕಾಣುತ್ತವೆ. ಅಂಚು ಅಂಕುಡೊಂಕು, ಕೆಲವು ಮಡಚಿಕೊಂಡಿರುತ್ತವೆ. ಒಂದೊಂದರಲ್ಲೂ ಕಡುನೀಲಿ ಚುಕ್ಕೆ. ಅದೇ ಕೋಶಕೇಂದ್ರ. ಅಷ್ಟು ಪುಟ್ಟ ಚುಕ್ಕೆಯೊಳಗಿರುವ, ಹೆತ್ತವರ ಗುಣಗಳನ್ನು ಮಕ್ಕಳಿಗೆ ದಾಟಿಸುವ ಡಿಎನ್‌ಎ ಎಳೆಗಳನ್ನೆಲ್ಲ ಬಿಡಿಸಿ ತುದಿಗೆ ತುದಿ ಜೋಡಿಸಿದರೆ ಸುಮಾರು 2 ಮೀಟರ್ ಆಗುತ್ತದೆ! ಸುತ್ತ ಕೋಶದ್ರವ್ಯ, ಅದರಲ್ಲಿ ಆಹಾರದಿಂದ ಶಕ್ತಿ ತೆಗೆದುಕೊಡುವ ಮೈಟೋಕಾಂಡ್ರಿಯಗಳು. ಎಲ್ಲಕ್ಕೂ ಹೊರಗೆ ಕೋಶಪೊರೆ. ಏನನ್ನು ಒಳಗೆ ಬಿಡಬೇಕು, ಏನನ್ನು ಬಿಡಬಾರದು ಎಂಬುದು ಅದರ ಕೈಯಲ್ಲಿದೆ.

ಇನ್ನು ‘ಮೂಲ ಘಟಕ’ ಅನ್ನುವುದು ಯಾಕೆ? ಅಮೀಬಾಕ್ಕೆ ಇರುವುದು ಒಂದೇ ಜೀವಕೋಶ. ಅಷ್ಟರಲ್ಲೇ ಅದು ತಿನ್ನುತ್ತದೆ, ಬೆಳೆಯುತ್ತದೆ, ಎರಡಾಗುತ್ತದೆ. ಆದರೆ ಮೈಟೋಕಾಂಡ್ರಿಯವನ್ನೋ ಕೋಶಕೇಂದ್ರವನ್ನೋ ಹೊರತೆಗೆದು ಇಟ್ಟರೆ ಅದು ತಾನಾಗಿ ಬದುಕುವುದಿಲ್ಲ. ಜೀವಕೋಶಕ್ಕಿಂತ ಕೆಳಗೆ ಇಳಿದರೆ ಭಾಗಗಳು ಸಿಗುತ್ತವೆ, ಜೀವ ಸಿಗುವುದಿಲ್ಲ.

ಒಂದು ಗೊಂದಲ ತುಂಬಾ ಜನರಿಗಿದೆ. ‘ಕೆಂಪು ರಕ್ತಕಣ’ ಅನ್ನುತ್ತೇವಲ್ವಾ, ಅದು ಸುಮ್ನೆ ಕಣವಲ್ಲ, ಪೂರಾ ಜೀವಕೋಶ. ಮನುಷ್ಯರಲ್ಲಿ ಅದು ಬಲಿಯುವಾಗ ಕೋಶಕೇಂದ್ರವನ್ನೇ ಹೊರಹಾಕುತ್ತದೆ. ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಆಗ ಜಾಗ ಜಾಸ್ತಿ. ಆದರೆ ಕೋಶಕೇಂದ್ರ ಹೋದ ಮೇಲೆ ಅದು ಇನ್ನೊಂದನ್ನು ಹುಟ್ಟಿಸಲಾರದು, ಸವೆದ ತನ್ನನ್ನೂ ಸರಿಮಾಡಿಕೊಳ್ಳಲಾರದು. ಸುಮಾರು 120 ದಿನ ಆಮ್ಲಜನಕ ಹೊತ್ತು ತಿರುಗಿ ಮುಗಿಯುತ್ತದೆ. ಆ ಜಾಗಕ್ಕೆ ಮೂಳೆಯ ಮಜ್ಜೆಯಿಂದ ಹೊಸದು ಬರುತ್ತದೆ.