ರಾಯಚೂರು ಸೀಮೆಯ ಬೇಸಿಗೆ ಗುಡುಗುಮಳೆ: ಉಷ್ಣಾಂಶಕ್ಕಿಂತ ಮೊದಲು ತೇವಾಂಶ ನೋಡಿ

ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳ ಹೊತ್ತಿಗೆ ಸಿಂಧನೂರು, ಮಾನ್ವಿ, ಕಾರಟಗಿ, ಗಂಗಾವತಿ ಭಾಗದಲ್ಲಿ ಬೇಸಿಗೆ ಭತ್ತ ಕಟಾವಿಗೆ ಬಂದಿರುತ್ತದೆ, ಇಲ್ಲವೇ ರಸ್ತೆ ಬದಿಯಲ್ಲಿ ಒಣಗುತ್ತಿರುತ್ತದೆ. ಆಗ ಎಲ್ಲರೂ ಕೇಳುವುದು ಮಳೆ ಬರುತ್ತದೋ ಇಲ್ಲವೋ ಎಂದು. ಆದರೆ ಈ ಸೀಮೆಯಲ್ಲಿ ಮಳೆಗಿಂತ ಅದರ ಮುಂದೆ ನುಗ್ಗುವ ಗಾಳಿ ಮತ್ತು ಸಿಡಿಲನ್ನೇ ಮೊದಲು ಅಂದಾಜು ಮಾಡಬೇಕು.

ಬಿಸಿಲು ಜೋರಾದರೆ ಸಂಜೆ ಗುಡುಗು ಖಚಿತ ಎಂಬ ನಂಬಿಕೆ ಇದೆ. ಮೇ ತಿಂಗಳಲ್ಲಿ ರಾಯಚೂರು 42 ಡಿಗ್ರಿ ಮುಟ್ಟಿಯೂ ಒಂದು ಹನಿ ಬೀಳದ ದಿನಗಳು ಬೇಕಾದಷ್ಟಿವೆ. ವ್ಯತ್ಯಾಸ ಇರುವುದು ಇಬ್ಬನಿ ಬಿಂದುವಿನಲ್ಲಿ, ಅಂದರೆ ಗಾಳಿಯನ್ನು ಎಷ್ಟು ಡಿಗ್ರಿಗೆ ತಣಿಸಿದರೆ ಅದರೊಳಗಿನ ಆವಿ ನೀರಾಗುತ್ತದೆ ಎಂಬ ಅಂಕಿಯಲ್ಲಿ. ಮಧ್ಯಾಹ್ನ 41 ಡಿಗ್ರಿ ಉಷ್ಣಾಂಶ, ಶೇ 32 ಆರ್ದ್ರತೆ ಇದ್ದರೆ ಇಬ್ಬನಿ ಬಿಂದು 21ರ ಸುಮಾರು. ಅದೇ 41 ಡಿಗ್ರಿಗೆ ಆರ್ದ್ರತೆ ಶೇ 20 ಇದ್ದರೆ 14ರ ಹತ್ತಿರ. ಉಷ್ಣಾಂಶಕ್ಕೂ ಇಬ್ಬನಿ ಬಿಂದುವಿಗೂ ಇರುವ ಅಂತರವನ್ನು 125ರಿಂದ ಗುಣಿಸಿದರೆ ಮೋಡದ ತಳ ನೆಲದಿಂದ ಎಷ್ಟು ಮೀಟರ್ ಮೇಲಿರುತ್ತದೆ ಎಂದು ತಿಳಿಯುತ್ತದೆ: ಮೊದಲನೆಯದಕ್ಕೆ 2500, ಎರಡನೆಯದಕ್ಕೆ ಹೆಚ್ಚುಕಡಿಮೆ 3400. ತಳ ಮೇಲಿದ್ದಷ್ಟೂ ಹನಿ ಒಣ ಗಾಳಿಯಲ್ಲಿ ಆವಿಯಾಗುತ್ತಾ ಇಳಿಯುತ್ತದೆ. ಹಾಗೆ ಆವಿಯಾಗುವಾಗ ಸುತ್ತಲ ಗಾಳಿ ತಣ್ಣಗಾಗಿ, ಭಾರವಾಗಿ, ರಭಸದಿಂದ ಕೆಳಕ್ಕೆ ಬೀಳುತ್ತದೆ. ಎರಡು ಮಿ.ಮೀ. ಮಳೆಯೂ ಆಗದೆ ತಗಡು ಹಾರುವುದು, ಕಂಬ ಉರುಳುವುದು ಹೀಗೆ. ಒಣ ದಿನವೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಎತ್ತರದಲ್ಲಿ ತುಸು ತೇವವಿದ್ದು ನೆಲದ ಹತ್ತಿರ ಒಣಗಿದ್ದರೆ ಗಾಳಿಯ ಅಪಾಯ ಹೆಚ್ಚು.

ತೇವ ಬರುವುದು ಬಂಗಾಳ ಕೊಲ್ಲಿಯಿಂದ. ಹವಾಮಾನ ಇಲಾಖೆಯ ದಿನದ ವರದಿಯಲ್ಲಿ ವಿದರ್ಭ ಅಥವಾ ಮರಾಠವಾಡದಿಂದ ಒಳನಾಡು ಕರ್ನಾಟಕದ ಮೂಲಕ ತಮಿಳುನಾಡಿನ ಕಡೆಗೆ, 0.9 ಕಿ.ಮೀ. ಎತ್ತರದಲ್ಲಿ ಒಂದು ತಗ್ಗಿನ ರೇಖೆ (ಕಡಿಮೆ ಒತ್ತಡದ ಉದ್ದನೆಯ ಪಟ್ಟಿ) ಇದೆ ಎಂಬ ಸಾಲು ಬೇಸಿಗೆಯಲ್ಲಿ ಪದೇ ಪದೇ ಕಾಣುತ್ತದೆ. ಅದರ ಪೂರ್ವಕ್ಕೆ ತೇವದ ಗಾಳಿ, ಪಶ್ಚಿಮಕ್ಕೆ ಒಣ ಗಾಳಿ. ರೇಖೆ ವಿಜಯಪುರದ ಮೇಲಿದ್ದರೆ ರಾಯಚೂರು ತೇವದ ಮಗ್ಗುಲಲ್ಲಿದೆ ಎಂದು ತಿಳಿಯಿರಿ. ತೆಲಂಗಾಣದ ಕಡೆ ಸರಿದರೆ ಒಣ ಮಗ್ಗುಲು ನಮ್ಮದು.

ಮುಂದಿನ ಕೆಲಸ ಹೈದರಾಬಾದಿನಲ್ಲಿ ಹಾರಿಸುವ ಹವಾಮಾನ ಬಲೂನಿನ ದತ್ತಾಂಶ ಓದುವುದು. ಬೆಳಿಗ್ಗೆ 5.30ರ ಅಳತೆಯಲ್ಲಿ ಸಿಗುವ ‘ಕೇಪ್’, ಅಂದರೆ ಗಾಳಿಯನ್ನು ಮೇಲೆತ್ತಲು ಇರುವ ಶಕ್ತಿ, ಬೆಳಗಿನ ಗಾಳಿಯದು. ಅದನ್ನೇ ನಂಬಬಾರದು. ನೆಲಮಟ್ಟದ ಅಂಕಿಗಳನ್ನು ತೆಗೆದು, ಮಧ್ಯಾಹ್ನ ರಾಯಚೂರಿನಲ್ಲಿ ನಿರೀಕ್ಷಿಸುವ ಉಷ್ಣಾಂಶ ಮತ್ತು ಇಬ್ಬನಿ ಬಿಂದು ಹಾಕಿ ಮತ್ತೆ ಲೆಕ್ಕ ಮಾಡಬೇಕು. ಕೆ.ಜಿ.ಗೆ 2000 ಜೂಲ್ ದಾಟಿದರೆ ಎಚ್ಚರ ಬೇಕು.

ಮುನ್ಸೂಚನೆ ಹೆಚ್ಚಾಗಿ ಕೈಕೊಡುವುದು ಇಲ್ಲೇ. ಬೆಳಿಗ್ಗೆ ಇಬ್ಬನಿ ಬಿಂದು 21 ಇದ್ದರೂ ತೇವದ ಪದರ ನೆಲದಿಂದ ಬರೀ 500 ಮೀಟರ್ ದಪ್ಪವಿದ್ದರೆ, ಬಿಸಿಲೇರುತ್ತಿದ್ದಂತೆ ಮೇಲಿನ ಒಣ ಗಾಳಿ ಕೆಳಗಿಳಿದು ಬೆರೆತು, ಎರಡು ಗಂಟೆಯ ಹೊತ್ತಿಗೆ ಅದು 15ಕ್ಕೆ ಕುಸಿಯುತ್ತದೆ. ಶಕ್ತಿಯೂ ಕರಗುತ್ತದೆ. ತೇವ 1.5 ಕಿ.ಮೀ.ವರೆಗೆ ಇದ್ದರೆ ಮಾತ್ರ ಮಧ್ಯಾಹ್ನದವರೆಗೆ ಬಾಳುತ್ತದೆ. ಇನ್ನೊಂದು ತಡೆ, ಮೇಲೆ ಮುಚ್ಚಳದಂತೆ ಕೂತ ಬೆಚ್ಚನೆಯ ಪದರ. ಅದು ಒಡೆಯದಿದ್ದರೆ ಇಡೀ ದಿನ ಧಗೆಯಷ್ಟೇ.

ದೊಡ್ಡ ಆಲಿಕಲ್ಲಿಗೆ ನೆಲದ ಗಾಳಿಗೂ ಆರು ಕಿ.ಮೀ. ಎತ್ತರದ ಗಾಳಿಗೂ ವೇಗ, ದಿಕ್ಕಿನಲ್ಲಿ ದೊಡ್ಡ ವ್ಯತ್ಯಾಸ ಬೇಕು. ಅದು ಮಾರ್ಚ್‌, ಏಪ್ರಿಲ್‌ನಲ್ಲಿ ಸಿಗುವಷ್ಟು ಮೇ ಕೊನೆಗೆ ಸಿಗುವುದಿಲ್ಲ. ಮೇಲಾಗಿ ಬೇಸಿಗೆಯಲ್ಲಿ ನೀರು ಹೆಪ್ಪುಗಟ್ಟುವ ಮಟ್ಟವೇ ಐದು ಕಿ.ಮೀ. ಹತ್ತಿರ ಇರುವುದರಿಂದ ಸಣ್ಣ ಕಲ್ಲುಗಳು ದಾರಿಯಲ್ಲೇ ಕರಗುತ್ತವೆ.

ಜಿಲ್ಲಾ ಮುನ್ಸೂಚನೆಯ ಪದಗಳಿಗೆ ನಿರ್ದಿಷ್ಟ ಅಳತೆ ಇದೆ. ‘ಒಂದೆರಡು ಕಡೆ’ ಎಂದರೆ ಶೇ 25ರವರೆಗಿನ ಮಳೆ ಅಳೆಯುವ ಕೇಂದ್ರಗಳಲ್ಲಿ, ‘ಕೆಲವು ಕಡೆ’ ಎಂದರೆ ಶೇ 26ರಿಂದ 50. ಲಿಂಗಸುಗೂರಿನಲ್ಲಿ ಗುಡುಗಿ ಮಾನ್ವಿಯಲ್ಲಿ ಬಿಸಿಲು ಹೊಡೆದರೂ ‘ಒಂದೆರಡು ಕಡೆ’ ಎಂದದ್ದು ಸರಿಯೇ. ಒಂದು ಗುಡುಗುಮೋಡದ ಅಗಲ ಹೆಚ್ಚೆಂದರೆ ಐದು, ಹತ್ತು ಕಿ.ಮೀ. ಹನ್ನೆರಡು ಕಿ.ಮೀ. ಚೌಕಗಳಲ್ಲಿ ಲೆಕ್ಕ ಹಾಕುವ ಹವಾಮಾನದ ಕಂಪ್ಯೂಟರ್ ಮಾದರಿಗೆ ಅದು ಕಾಣಿಸುವುದೇ ಇಲ್ಲ. ಯಾವ ಹಳ್ಳಿ ಎಂದು ಹಿಂದಿನ ದಿನವೇ ಹೇಳುವವರನ್ನು ನಂಬಬೇಡಿ.

ಹಳ್ಳಿಯ ಮಟ್ಟಕ್ಕೆ ಬೇಕಾದ್ದು ಮುಂದಿನ ಮೂರು ಗಂಟೆಗಳ ತಕ್ಷಣದ ಮುನ್ಸೂಚನೆ. ಅದರಲ್ಲಿ ಗಂಟೆಗೆ 41ರಿಂದ 61 ಕಿ.ಮೀ. ಗಾಳಿ ಸಾಧಾರಣ, 62ರಿಂದ 87 ತೀವ್ರ. ಹೈದರಾಬಾದಿನ ರಡಾರ್ ರಾಯಚೂರಿನಿಂದ ಸುಮಾರು 180 ಕಿ.ಮೀ. ದೂರ; ಭೂಮಿಯ ವಕ್ರತೆಯಿಂದಾಗಿ ಅದರ ಕಿರಣ ಇಲ್ಲಿ ಮೂರು ಕಿ.ಮೀ.ಗಿಂತ ಮೇಲೆ ಹಾಯುತ್ತದೆ. ಮೋಡದ ಹೊಟ್ಟೆ, ತಲೆ ಕಾಣುತ್ತದೆ, ನೆಲ ಗುಡಿಸುವ ಗಾಳಿ ಕಾಣುವುದಿಲ್ಲ. ಗಂಗಾವತಿ 300 ಕಿ.ಮೀ. ದೂರ, ಅದರ ನೋಟಕ್ಕೆ ಹೊರಗೆ. ಕೊಪ್ಪಳದ ಕಡೆಯವರು ಇನ್ಸಾಟ್-3ಡಿಆರ್, 3ಡಿಎಸ್ ಉಪಗ್ರಹಗಳ ಚಿತ್ರಗಳನ್ನು ನೋಡಬೇಕು: ಅರ್ಧ ಗಂಟೆ ಅಂತರದ ಎರಡು ಚಿತ್ರಗಳ ನಡುವೆ ಮೋಡದ ತಲೆ ಹತ್ತು ಡಿಗ್ರಿಗಿಂತ ಹೆಚ್ಚು ತಣ್ಣಗಾಗಿದ್ದರೆ ಅದು ಬೆಳೆಯುತ್ತಿದೆ. ಸಿಡಿಲಿಗೆ ದಾಮಿನಿ ಆ್ಯಪ್ 20 ಮತ್ತು 40 ಕಿ.ಮೀ. ವ್ಯಾಪ್ತಿಯಲ್ಲಿ ಎಚ್ಚರಿಸುತ್ತದೆ.

ಕಿತ್ತಳೆ ಎಚ್ಚರಿಕೆ ಇದ್ದ ದಿನ ರಾಶಿಯನ್ನು ಮಧ್ಯಾಹ್ನ ಎರಡು ಗಂಟೆಯೊಳಗೆ ಒಟ್ಟಿ ಮುಚ್ಚಿ. ಮಳೆಗಿಂತ ಹತ್ತಾರು ನಿಮಿಷ ಮೊದಲೇ ಗಾಳಿ ಬರುತ್ತದೆ, ಆಗ ತಾಡಪತ್ರಿ ಹಿಡಿದು ಓಡಿದರೆ ಆಗುವುದಿಲ್ಲ. ಅಂಚಿಗೆ ನಾಲ್ಕು ಕಲ್ಲು ಸಾಲವು. ಮರಳು ತುಂಬಿದ ಚೀಲಗಳನ್ನು ಸುತ್ತಲೂ ಒತ್ತಾಗಿ ಇಡಿ, ಮೇಲೆ ಹಗ್ಗ ಅಡ್ಡಡ್ಡ ಬಿಗಿಯಿರಿ. ಗುಡುಗು ಕೇಳಿದ ಕೂಡಲೇ ಹೊಲದಿಂದ ಪಕ್ಕಾ ಕಟ್ಟಡಕ್ಕೆ ಹೋಗಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬೇಡಿ.