ಹಳೆ ಯುಟಿಎಂ ಪ್ರತಿ ವರ್ಷ ಪಾಸ್ ಆಗುತ್ತಿದೆ, ಆದರೂ ಬದಲಾಯಿಸಬೇಕಾ?

ಪ್ರಶ್ನೆ: ನಮ್ಮದು ಸಣ್ಣ ಫೌಂಡ್ರಿ. ಎಸ್‌ಜಿ ಐರನ್ (ಮ್ಯಾಗ್ನೀಷಿಯಂ ಸೇರಿಸಿ ಮಾಡುವ, ಸ್ವಲ್ಪ ಹಿಗ್ಗುವ ಎರಕದ ಕಬ್ಬಿಣ) ಕಾಸ್ಟಿಂಗ್ ಮಾಡುತ್ತೇವೆ. ಲ್ಯಾಬಿನಲ್ಲಿರುವ 40 ಟನ್ ಯುಟಿಎಂಗೆ (ಲೋಹದ ಬಾರ್ ಎಳೆದು ಮುರಿದು ಅದರ ಬಲ ಅಳೆಯುವ ಯೂನಿವರ್ಸಲ್ ಟೆಸ್ಟಿಂಗ್ ಮಿಷನ್) ಇಪ್ಪತ್ತು ವರ್ಷ ದಾಟಿದೆ. ಕ್ಯಾಲಿಬ್ರೇಶನ್‌ನಲ್ಲಿ (ಮಿಷನ್ ಸರಿಯಾಗಿ ಅಳೆಯುತ್ತದೆಯೇ ಅನ್ನುವ ತಪಾಸಣೆ) ಪ್ರತಿ ವರ್ಷ ಪಾಸ್ ಆಗುತ್ತದೆ. ಆಡಿಟ್‌ಗೆ ಬಂದ ಕಸ್ಟಮರ್ ಕಡೆಯವರು ‘ತುಂಬಾ ಹಳೆಯದಾಯ್ತು, ಬದಲಾಯಿಸಿ’ ಅಂತಾರೆ. ಮಾಲೀಕರು ‘ಓಡ್ತಾ ಇದೆಯಲ್ಲ’ ಅಂತಾರೆ. ಯಾರ ಮಾತು ಸರಿ?

ಉತ್ತರ: ಮಿಷನ್ ಕೊಡುವ ನಂಬರನ್ನು ನೀವು ಧೈರ್ಯವಾಗಿ ಸಮರ್ಥಿಸಿಕೊಳ್ಳಬಲ್ಲಿರಾ? ಇದಕ್ಕೆ ಉತ್ತರ ಸಿಕ್ಕರೆ ನಿಮ್ಮ ಪ್ರಶ್ನೆಗೂ ಸಿಕ್ಕಿತು. ಅದು ಮಿಷನ್ನಿನ ವಯಸ್ಸಿನಲ್ಲಿ ಕಾಣುವುದಿಲ್ಲ, ‘ಪಾಸ್’ ಅನ್ನುವ ಒಂದು ಪದದಲ್ಲೂ ಇಲ್ಲ.

ಮೊದಲು ಕಳೆದ ನಾಲ್ಕೈದು ವರ್ಷದ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್‌ಗಳನ್ನು ಫೈಲಿನಿಂದ ತೆಗೆದು ಮೇಜಿನ ಮೇಲೆ ಸಾಲಾಗಿ ಇಡಿ. ಭಾರತೀಯ ಮಾನದಂಡ ಐಎಸ್ 1828 (ಭಾಗ 1) ಪ್ರಕಾರ ಕ್ಲಾಸ್ 1 ದರ್ಜೆಯ ಮಿಷನ್‌ನ ಎರರ್ ಶೇ. 1ರ ಒಳಗಿರಬೇಕು. ಒಂದೇ ಲೋಡ್‌ನಲ್ಲಿ (ಎಳೆಯುವ ಬಲ) ಎರರ್ ಒಂದು ವರ್ಷ ಶೇ. 0.2, ಮುಂದಿನ ವರ್ಷ 0.4, ಆಮೇಲೆ 0.6, ಈಗ 0.9 ಅಂತಿದ್ದರೆ ನಾಲ್ಕೂ ವರ್ಷ ಪಾಸ್ ಹೌದು. ಆದರೆ ಮುಂದಿನ ವರ್ಷ ಏನಾಗುತ್ತದೆ ಅಂತ ಆ ಸಾಲೇ ಹೇಳುತ್ತಿದೆ, ಅಲ್ವಾ? ಎರರ್ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ನಿಂತಿದ್ದರೆ ವಯಸ್ಸಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಇಲ್ಲಿ ಒಂದು ವಿಷಯ ಖಚಿತ ಮಾಡಿಕೊಳ್ಳಿ. ಸರ್ವಿಸ್‌ನವರು ಮೊದಲು ಮಿಷನ್ ಸರಿ ಹೊಂದಿಸಿ, ಆಮೇಲೆ ರೀಡಿಂಗ್ ತೆಗೆದರೆ ಸರ್ಟಿಫಿಕೇಟ್ ಪ್ರತಿ ವರ್ಷ ಚೆನ್ನಾಗಿಯೇ ಕಾಣುತ್ತದೆ. ವರ್ಷವಿಡೀ ಮಿಷನ್ ಹೇಗಿತ್ತು ಅನ್ನುವುದು ಗೊತ್ತಾಗುವುದೇ ಇಲ್ಲ. ಹಾಗಾಗಿ ಏನನ್ನೂ ಮುಟ್ಟುವ ಮೊದಲಿನ ರೀಡಿಂಗ್ ಬರೆದುಕೊಡಲು ಹೇಳಿ. ಇದನ್ನು ಕೇಳುವುದು ನಿಮ್ಮ ಹಕ್ಕು.

ಆಮೇಲೆ ರೇಂಜ್, ಅಂದರೆ ಮಿಷನ್ ಅಳೆಯಬಲ್ಲ ಬಲದ ವ್ಯಾಪ್ತಿ. ಫೌಂಡ್ರಿಗಳಲ್ಲಿ ಇದನ್ನು ಗಮನಿಸುವವರು ಕಡಿಮೆ. ನಿಮ್ಮ ಟೆಸ್ಟ್ ಬಾರ್ 14 ಮಿ.ಮೀ. ದಪ್ಪದ ದುಂಡು ಸರಳು ಅಂತ ಇಟ್ಟುಕೊಳ್ಳೋಣ. ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 154 ಚದರ ಮಿ.ಮೀ. 500/7 ಗ್ರೇಡ್‌ಗೆ ಪ್ರತಿ ಚದರ ಮಿ.ಮೀ.ಗೆ ಕನಿಷ್ಠ 500 ನ್ಯೂಟನ್ ಬೇಕು, ಅಂದರೆ ಬಾರ್ ಮುರಿಯುವುದು 77 ಕಿಲೋನ್ಯೂಟನ್ ಆಸುಪಾಸಿನಲ್ಲಿ. ಸಾಮಾನ್ಯವಾಗಿ ಕ್ಯಾಲಿಬ್ರೇಶನ್ ಮಾಡುವುದು ರೇಂಜ್‌ನ ಶೇ. 20ರಿಂದ 100ರವರೆಗೆ. ನಿಮ್ಮ 40 ಟನ್ ಅಂದರೆ ಸುಮಾರು 400 ಕಿಲೋನ್ಯೂಟನ್. ಅದಕ್ಕೆ ಶೇ. 20 ಅಂದರೆ 80. ನಿಮ್ಮ ಬಾರ್ ಮುರಿಯುವ ಜಾಗ ಅದಕ್ಕಿಂತ ಕೆಳಗೇ ಇದೆ! ಪೆಂಡ್ಯುಲಮ್ ಇರುವ ಹಳೆ ಮಿಷನ್‌ಗಳಲ್ಲಿ ತೂಕ ಬದಲಿಸಿ ಚಿಕ್ಕ ರೇಂಜ್ ಹಾಕಿಕೊಳ್ಳಬಹುದು. ಹಾಗೆ ಮಾಡುತ್ತಿದ್ದರೆ ಆ ಚಿಕ್ಕ ರೇಂಜ್ ಸರ್ಟಿಫಿಕೇಟ್‌ನಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಇದು ಹಳೆ ಮಿಷನ್‌ನ ತಪ್ಪಲ್ಲ. ಹೊಸದು ತಂದರೂ ಇದೇ ಪ್ರಶ್ನೆ ಬರುತ್ತದೆ. ಮುಂದಿನ ಕ್ಯಾಲಿಬ್ರೇಶನ್‌ನಲ್ಲಿ ಕೆಳಗಿನ ಲೋಡ್‌ಗಳನ್ನೂ ಸೇರಿಸಲು ಹೇಳಿ.

ಈಗ ನಿಮ್ಮ ಹೀಟ್‌ಗಳ (ಒಂದೊಂದು ಸಲ ಕರಗಿಸಿದ ಲೋಹ) ರಿಸಲ್ಟ್ ನೋಡಿ. 500 ನ್ಯೂಟನ್‌ಗೆ ಶೇ. 1 ಅಂದರೆ 5 ನ್ಯೂಟನ್. ನಿಮ್ಮ ಬಾರ್‌ಗಳು ಸಾಮಾನ್ಯವಾಗಿ 560 ಆಸುಪಾಸು ಬರುತ್ತಿದ್ದರೆ ಐದು ಆಚೆ ಈಚೆ ಆದರೂ ಕಾಸ್ಟಿಂಗ್ ಪಾಸೇ. ಪದೇ ಪದೇ 502, 503 ಬರುತ್ತಿದ್ದರೆ ಕಥೆ ಬೇರೆ. ಕ್ಲಾಸ್ 1 ಮಿತಿಯ ಒಳಗಿರುವ ಮಿಷನ್ ಕೂಡ 498 ಅನ್ನು 502 ಅಂತ ತೋರಿಸಬಹುದು. ಒಂದೇ ಮಿಷನ್ ಒಂದು ಫೌಂಡ್ರಿಗೆ ಸಾಕು, ಇನ್ನೊಂದಕ್ಕೆ ಸಾಲದು ಅನ್ನುವುದು ಇದಕ್ಕೇ. ನಿಮ್ಮ ಲೋಹ ಮಿತಿಗೆ ಎಷ್ಟು ಹತ್ತಿರ ಓಡುತ್ತಿದೆ ಅನ್ನುವುದು ನಿಮಗೆ ಗೊತ್ತು, ಆಡಿಟರ್‌ಗೆ ಗೊತ್ತಿಲ್ಲ.

ಇನ್ನು, ಕ್ಯಾಲಿಬ್ರೇಶನ್‌ಗೆ ಕಾಣದ ಸಂಗತಿಗಳೂ ಇವೆ. ಅದು ನೋಡುವುದು ಲೋಡ್ ಸರಿ ತೋರಿಸುತ್ತದೆಯೇ ಅಂತ. ಬಾರ್ ಹಿಡಿಯುವ ಜಾ ಸವೆದು ಬಾರ್ ಜಾರುವುದು, ಮೇಲಿನ ಹಿಡಿತ ಮತ್ತು ಕೆಳಗಿನ ಹಿಡಿತ ಒಂದೇ ನೇರಕ್ಕೆ ಇಲ್ಲದಿರುವುದು, ವಾಲ್ವ್ ತಿರುಗಿಸುವವರ ಕೈಯ ಮೇಲೆ ಲೋಡಿಂಗ್ ವೇಗ ಬದಲಾಗುವುದು, ಇದ್ಯಾವುದೂ ಆ ಹಾಳೆಯಲ್ಲಿ ಬರುವುದಿಲ್ಲ. ಹಿಡಿತ ಓರೆಯಾಗಿದ್ದರೆ ಬಾರ್ ಎಳೆತದ ಜೊತೆಗೆ ಬಾಗುತ್ತದೆ ಕೂಡ. ಹೆಚ್ಚು ಹಿಗ್ಗದ ಲೋಹದಲ್ಲಿ ಬೇಗ ಮುರಿಯುತ್ತದೆ. ಶೇ. ಏಳು ಬರಬೇಕಾದ ಎಲಾಂಗೇಶನ್ (ಮುರಿಯುವ ಮೊದಲು ಬಾರ್ ಹಿಗ್ಗುವ ಪ್ರಮಾಣ) ಆರಕ್ಕೆ ನಿಂತು, ಒಳ್ಳೆ ಹೀಟ್ ಸುಮ್ನೆ ರಿಜೆಕ್ಟ್ ಆಗುತ್ತದೆ. ಮೆಲ್ಟಿಂಗ್‌ನವರು ಮ್ಯಾಗ್ನೀಷಿಯಂ ಲೆಕ್ಕ ಹಾಕುತ್ತಾ ಕೂರುತ್ತಾರೆ. ತಪ್ಪು ಇರುವುದು ಲ್ಯಾಬಿನಲ್ಲಿ. ಇದು ನನಗೆ ನಿಜಕ್ಕೂ ಬೇಸರ ತರಿಸುವ ನಷ್ಟ.

ಇದಕ್ಕೆ ಸುಲಭ ದಾರಿ ಇದೆ. ಒಂದೇ ಉದ್ದನೆಯ ಸ್ಟೀಲ್ ರಾಡ್‌ನಿಂದ ಒಂದಷ್ಟು ಬಾರ್ ಮಾಡಿಸಿ ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ಒಂದನ್ನು ಎಳೆದು ರಿಸಲ್ಟ್ ಗ್ರಾಫ್ ಮೇಲೆ ಗುರುತು ಮಾಡಿ. ಲೋಹ ಒಂದೇ ಆಗಿರುವುದರಿಂದ ನಂಬರ್ ಜಾಸ್ತಿ ಕುಣಿದರೆ ಮೊದಲ ಅನುಮಾನ ಮಿಷನ್ ಅಥವಾ ಆಪರೇಟರ್ ಮೇಲೆ ಹೋಗುತ್ತದೆ. ಜೊತೆಗೆ ಲೋಡ್‌ನಲ್ಲಿ ಒಂದು ಬಾರ್ ಹಿಡಿದು ವಾಲ್ವ್ ಮುಚ್ಚಿ ನಿಲ್ಲಿಸಿ. ಮುಳ್ಳು ಬೇಗ ಬೇಗ ಇಳಿಯುತ್ತಿದ್ದರೆ, ಬಾರ್ ಜಾರುತ್ತಿಲ್ಲ ಅಂತ ಖಚಿತ ಮಾಡಿಕೊಂಡು ಆಯಿಲ್ ಸೀಲ್, ವಾಲ್ವ್, ಸಿಲಿಂಡರ್ ನೋಡಿಸಿ.

ಇಷ್ಟು ಮಾಡಿದ ಮೇಲೆ ತೊಂದರೆ ಇದೆ ಅಂತ ಕಂಡರೂ ಇಡೀ ಮಿಷನ್ ಎಸೆಯಬೇಕಿಲ್ಲ. ಕಾಲಮ್, ಕ್ರಾಸ್‌ಹೆಡ್, ಬೆಡ್ ಸುಲಭವಾಗಿ ಮುದಿಯಾಗುವ ಭಾಗಗಳಲ್ಲ. ಅಮೆರಿಕದ ರಾಷ್ಟ್ರೀಯ ಅಳತೆ ಸಂಸ್ಥೆ ಎನ್‌ಐಎಸ್‌ಟಿಯಲ್ಲಿ 10 ಲಕ್ಷ ಪೌಂಡ್ ಬಲದ ಡೆಡ್‌ವೇಟ್ ಮಿಷನ್ (ತೂಕಗಳನ್ನು ತೂಗುಹಾಕಿ ನಿಖರ ಬಲ ಕೊಡುವುದು) ಒಂದಿದೆ. 1965ರ ಸುಮಾರಿಗೆ ನಿಲ್ಲಿಸಿದ್ದು. ಸುಮಾರು 50 ವರ್ಷದ ನಂತರ ಅದನ್ನು ಪೂರ್ತಿ ಬಿಚ್ಚಿ, ತಿಕ್ಕಾಟದಲ್ಲಿ ಹಾಳಾದ ಭಾಗ ಸರಿಪಡಿಸಿ, ಮತ್ತೆ ಜೋಡಿಸಿದರು. ನಿಮ್ಮಲ್ಲೂ ಫ್ರೇಮ್ ಗಟ್ಟಿಯಾಗಿದ್ದರೆ ಡಯಲ್ ತೆಗೆದು ಲೋಡ್‌ಸೆಲ್ (ಬಲ ಅಳೆಯುವ ಸೆನ್ಸರ್), ಎನ್‌ಕೋಡರ್ (ಚಲನೆ ಅಳೆಯುವ ಸೆನ್ಸರ್), ಕಂಪ್ಯೂಟರ್ ಹಾಕಿಸಬಹುದು. ಇದೇ ರೆಟ್ರೋಫಿಟ್. ಸರ್ವೋ ವಾಲ್ವ್ ಕೂಡ ಹಾಕಿಸಿದರೆ ಲೋಡಿಂಗ್ ವೇಗವೂ ಹತೋಟಿಗೆ ಬರುತ್ತದೆ. ರೆಟ್ರೋಫಿಟ್ ಆದ ಮೇಲೆ ಹಳೆ ಸರ್ಟಿಫಿಕೇಟ್‌ಗೆ ಬೆಲೆ ಇಲ್ಲ, ಹೊಸದಾಗಿ ಕ್ಯಾಲಿಬ್ರೇಶನ್ ಆಗಲೇಬೇಕು.

ಹೊಸದೇ ಬೇಕು ಅನ್ನುವ ಸಂದರ್ಭಗಳು ಕಡಿಮೆ, ಆದರೆ ಸ್ಪಷ್ಟ. ಕಾಲಮ್ ಬಾಗಿದೆ. ಸಿಲಿಂಡರ್ ಒಳಗೆ ಗೀರು ಬಿದ್ದು ಸೀಲ್ ಬದಲಿಸಿದರೂ ಸೋರುತ್ತಿದೆ. ಎಲೆಕ್ಟ್ರಾನಿಕ್ ಕಾರ್ಡ್ ಕೆಟ್ಟರೆ ಬದಲಿ ಎಲ್ಲೂ ಸಿಗುವುದಿಲ್ಲ, ರೆಟ್ರೋಫಿಟ್‌ಗೂ ಯಾರೂ ಒಪ್ಪುತ್ತಿಲ್ಲ. ಅಥವಾ ನಿಮ್ಮ ಕೆಲಸವೇ ಮಿಷನ್‌ನ ತಾಕತ್ತು ಮೀರಿದೆ. ಕಾಂಕ್ರೀಟ್ ಲ್ಯಾಬ್‌ಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ: 150 ಮಿ.ಮೀ. ಕ್ಯೂಬ್ ಪ್ರತಿ ಚದರ ಮಿ.ಮೀ.ಗೆ 90 ನ್ಯೂಟನ್ ತಡೆದರೆ ಬೇಕಾಗುವ ಲೋಡ್ 2,025 ಕಿಲೋನ್ಯೂಟನ್. 2,000 ಕಿಲೋನ್ಯೂಟನ್ ಸಿಟಿಎಂ (ಕ್ಯೂಬ್ ಒತ್ತಿ ಪರೀಕ್ಷಿಸುವ ಮಿಷನ್) ಎಷ್ಟೇ ಹೊಸದಾಗಿದ್ದರೂ ಅಲ್ಲಿಗೆ ಮುಟ್ಟುವುದಿಲ್ಲ.

ಮಾಲೀಕರಿಗೆ ಹೇಳುವಾಗ ಒಂದು ಅಂಶ ಮರೆಯಬೇಡಿ. ಲ್ಯಾಬ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ/ಐಇಸಿ 17025 ಪಾಲಿಸುವ ಲ್ಯಾಬ್‌ನಲ್ಲಿ ಮಿಷನ್ ದಾರಿ ತಪ್ಪಿದೆ ಅಂತ ಗೊತ್ತಾದ ದಿನ ಅದನ್ನು ನಿಲ್ಲಿಸಿದರಷ್ಟೇ ಸಾಲದು. ಹಿಂದೆ ಕೊಟ್ಟ ರಿಪೋರ್ಟ್‌ಗಳ ಮೇಲೆ ಅದರ ಪರಿಣಾಮ ಏನು ಅಂತಲೂ ನೋಡಬೇಕು. ಕಳೆದ ಕ್ಯಾಲಿಬ್ರೇಶನ್‌ನಿಂದ ಈಚೆಗೆ ಹೋದ ಎಷ್ಟು ಲಾಟ್‌ಗಳ ಬಗ್ಗೆ ಕಸ್ಟಮರ್‌ಗೆ ಪತ್ರ ಬರೆಯಬೇಕಾಗುತ್ತದೆ? ಆ ಲೆಕ್ಕವನ್ನು ರೆಟ್ರೋಫಿಟ್ ಕೊಟೇಶನ್ ಪಕ್ಕ ಇಟ್ಟು ತೋರಿಸಿ.

ಹೊಸದು ಬಂದರೂ ಹಳೆಯದನ್ನು ಮಾರನೇ ದಿನವೇ ಗುಜರಿಗೆ ಹಾಕಬೇಡಿ. ಒಂದೇ ಹೀಟ್‌ನ ಜೋಡಿ ಬಾರ್‌ಗಳನ್ನು ಕೆಲವು ವಾರ ಎರಡರಲ್ಲೂ ಎಳೆಯಿರಿ. ರಿಸಲ್ಟ್ ಬೇರೆ ಬಂದರೆ ಕಾರಣ ಹುಡುಕಲು ಎರಡೂ ಮಿಷನ್ ಎದುರಿಗೇ ಇರುತ್ತವೆ.