ದೋಣಿ ಬಂದ್ರೆ ಕೆಮ್ಮು

2020ರ ಮಾರ್ಚ್ 1ನೇ ತಾರೀಖು, ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ಸನ್ ಪ್ರಿನ್ಸೆಸ್ ಅನ್ನೋ ಕ್ರೂಸ್ ಹಡಗು ಬಂತು. ಇಳಿದ ಟೂರಿಸ್ಟ್‌ಗಳ ಮೇಲೆ ಊರಿನ ಒಂದಷ್ಟು ಜನ, ಇವರು ಕೋವಿಡ್ ತರ್ತಾರೆ ಅನ್ನೋ ಭಯಕ್ಕೆ, ಕಲ್ಲು ಎಸೆದ್ರು, ಪೊಲೀಸರು ಟಿಯರ್ ಗ್ಯಾಸ್ ಬಿಡಬೇಕಾಯ್ತು. ಅದೇ ತಿಂಗಳ ಕೊನೆಗೆ ಅಮೆರಿಕದ ಮೇನ್ ರಾಜ್ಯದ ವೈನಲ್‌ಹೇವನ್ ದ್ವೀಪದಲ್ಲಿ, ನ್ಯೂಜೆರ್ಸಿ ನಂಬರ್ ಪ್ಲೇಟಿನ ಕಾರಿದ್ದ ಒಂದು ಮನೆಯವರು ಹೊರಗೆ ಬರದೇ ಇರ್ಲಿ ಅಂತ ಯಾರೋ ಮರಾನೇ ಕಡಿದು ದಾರಿಗೆ ಅಡ್ಡ ಕೆಡವಿದ್ರು.

ಆಗ ಸಿಟಿಯಲ್ಲಿ ಕೂತವರೆಲ್ಲ "ಎಂಥಾ ಸಣ್ಣ ಬುದ್ಧಿ, ಟೂರಿಸ್ಟ್ ದುಡ್ಡು ಬೇಕು, ಟೂರಿಸ್ಟ್ ಬೇಡ್ವಾ" ಅಂತ ಬರೆದಿದ್ದೇ ಬರೆದಿದ್ದು. ಇದನ್ನ ಓದಿದಾಗೆಲ್ಲ ನನಗೆ ಮೈ ಉರಿಯತ್ತೆ. ಕಲ್ಲು ಎಸೆದಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ದ್ವೀಪದವರ ಆ ಭಯ ಮೂಢನಂಬಿಕೆ ಅಲ್ಲ, ಅದರ ಹಿಂದೆ ಗಟ್ಟಿ ಲೆಕ್ಕ ಇದೆ.

ಈ ತರ ಮೂಗು ಮುರಿಯೋದು ಹೊಸದೂ ಅಲ್ಲ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಸೇಂಟ್ ಕಿಲ್ಡಾ ಅಂತ ಒಂದು ಪುಟ್ಟ ದ್ವೀಪಗುಚ್ಛ ಇದೆ, 1930ರಲ್ಲಿ ಕೊನೆಯ 36 ಜನ ಅಲ್ಲಿಂದ ಹೊರಟು ಬಂದ್ರು. ಅಲ್ಲಿಯವರು ಶತಮಾನಗಟ್ಟಲೆ ಹೇಳ್ತಾನೇ ಇದ್ರು, ಹೊರಗಿಂದ ದೋಣಿ ಬಂದ್ರೆ ಸಾಕು ನಮಗೆಲ್ಲ ನೆಗಡಿ ಕೆಮ್ಮು ಶುರು ಅಂತ. ಇಂಗ್ಲಿಷ್ ನಿಘಂಟು ಬರೆದ ಸಾಮ್ಯುಯಲ್ ಜಾನ್ಸನ್ ಮಹಾಶಯ ಇದನ್ನ ಕೇಳಿ ನಕ್ಕಿದ್ದ, ಕಂದಾಯ ವಸೂಲಿಯವನು ಬಂದಾಗ ಇವರಿಗೆ ಕೆಮ್ಮು ಬರತ್ತೆ ಅನ್ನೋ ಅರ್ಥದಲ್ಲಿ ತಮಾಷೆ ಮಾಡಿದ್ದ. ಪಂಡಿತ ಹೇಳಿದ್ದು ಸುಳ್ಳು, ಮೀನು ಹಕ್ಕಿ ಹಿಡ್ಕೊಂಡು ಬದುಕೋರು ಹೇಳಿದ್ದು ನಿಜ!

ಯಾಕೆ ಅಂದ್ರೆ, ಹಿಂದೆ ಹಳ್ಳಿ ಮನೆಗಳಲ್ಲಿ ರಾತ್ರಿ ಬೂದಿ ಮುಚ್ಚಿ ಕೆಂಡ ಉಳಿಸ್ತಿದ್ರಲ್ಲ, ನಮ್ಮನೇಲಿ ಆರಿದ್ರೆ ಪಕ್ಕದ ಮನೆಯಿಂದ ತರೋದು, ಅವರದ್ದು ಆರಿದ್ರೆ ನಮ್ಮನೆಗೆ ಬರೋರು. ಮನೆ ನೂರಾರು ಇದ್ರೆ ಎಲ್ಲೋ ಒಂದು ಕಡೆ ಕೆಂಡ ಇದ್ದೇ ಇರತ್ತೆ, ಮೂರೇ ಮನೆ ಇದ್ರೆ ಒಂದಿನ ಮೂರೂ ಆರೋಗತ್ತೆ. ದಡಾರದಂಥ ಕಾಯಿಲೆಯ ಕಥೆನೂ ಇದೇ. ಒಮ್ಮೆ ಬಂದವರಿಗೆ ಮತ್ತೆ ಬರಲ್ಲ, ಹಾಗಾಗಿ ಉಳೀಬೇಕು ಅಂದ್ರೆ ಅದಕ್ಕೆ ಹೊಸ ಮಕ್ಕಳು ಸಿಗ್ತಾನೇ ಇರಬೇಕು. ದ್ವೀಪಗಳ ದಾಖಲೆ ನೋಡಿ ಲೆಕ್ಕ ಹಾಕಿದವರ ಪ್ರಕಾರ ಸುಮಾರು 2.5ರಿಂದ 5 ಲಕ್ಷ ಜನ ಬೇಕು, ಅದಕ್ಕಿಂತ ಕಮ್ಮಿ ಇದ್ರೆ ತಾನಾಗೇ ಆರೋಗತ್ತೆ. ಕೇಳೋಕೆ ಒಳ್ಳೇದೇ ಅನ್ಸತ್ತೆ, ಆದ್ರೆ ಅದು ಆರಿದ ಮೇಲೆ ಹುಟ್ಟಿದ ಯಾರಿಗೂ ಪ್ರತಿರೋಧ ಇರಲ್ಲ. ಮುಂದೆ ಒಂದಿನ ಒಂದು ಹಡಗು ಬರತ್ತೆ, ಮಕ್ಕಳು, ದುಡಿಯೋರು, ಅಡುಗೆ ಮಾಡೋರು, ನೀರು ತಂದುಕೊಡೋರು ಎಲ್ಲ ಒಟ್ಟಿಗೆ ಮಲಗ್ತಾರೆ.

ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಡೆನ್ಮಾರ್ಕಿಗೆ ಸೇರಿದ ಫಾರೋ ದ್ವೀಪಗಳಲ್ಲಿ ಆಗಿದ್ದು ಅದೇ. 1781ರ ನಂತರ ಅಲ್ಲಿ ದಡಾರ ಇರಲಿಲ್ಲ. 1846ರಲ್ಲಿ ಕೋಪನ್‌ಹೇಗನ್‌ನಿಂದ ಬಂದ ಒಬ್ಬ ಬಡಗಿಯ ಜೊತೆ ಬಂತು, 8000ಕ್ಕೂ ಕಮ್ಮಿ ಜನಸಂಖ್ಯೆಯಲ್ಲಿ ಸುಮಾರು 6000 ಜನಕ್ಕೆ ಹತ್ತಿತು. ಡೆನ್ಮಾರ್ಕ್ ಸರ್ಕಾರ ಪೀಟರ್ ಪಾನುಮ್ ಅನ್ನೋ 25 ವರ್ಷದ ಡಾಕ್ಟರನ್ನ ಕಳಿಸ್ತು. ಈ ಹುಡುಗ ಮನೆಮನೆ ತಿರುಗಿ ತಾರೀಖು ಬರ್ಕೊಂಡ. ಒಂದೂರಿನ ಹತ್ತು ಜನ ಜೂನ್ 4ಕ್ಕೆ ಇನ್ನೊಂದೂರಲ್ಲಿ ತಿಮಿಂಗಿಲ ಬೇಟೆಗೆ ಹೋಗಿದ್ರು, ಜೂನ್ 18ಕ್ಕೆ ಹತ್ತೂ ಜನಕ್ಕೆ ಮೈಮೇಲೆ ಗುಳ್ಳೆ. ಸೋಂಕು ಹತ್ತಿ ಮೈಮೇಲೆ ಕಾಣೋಕೆ ಹದಿನಾಲ್ಕು ದಿನ! 1781ರಲ್ಲಿ ದಡಾರ ಆಗಿದ್ದ ಮುದುಕರಿಗೆ ಮಾತ್ರ ಈ ಸಲ ಏನೂ ಆಗಲಿಲ್ಲ, 65 ವರ್ಷ ಆದ್ರೂ. ಲ್ಯಾಬ್ ಇಲ್ಲ, ವೈರಸ್ ಅನ್ನೋದೇ ಗೊತ್ತಿಲ್ಲ, ಬರೀ ತಾರೀಖು ಹಿಡ್ಕೊಂಡು ಇಷ್ಟು ಕಂಡುಹಿಡಿದ ನೋಡಿ.

ನನಗೆ ಮುಖ್ಯ ಅನ್ಸೋದು ಇದು, ಯಾರು ಬಂದ್ರು ಅನ್ನೋದಕ್ಕಿಂತ ಬಂದು ಎಷ್ಟು ದಿನ ಆಯ್ತು ಅನ್ನೋದು. ಸಿಟ್ಟು ನಂಬರ್ ಪ್ಲೇಟ್ ನೋಡತ್ತೆ, ವೈರಸ್ ನೋಡಲ್ಲ. ವೈನಲ್‌ಹೇವನ್‌ನಲ್ಲಿ ಮರ ಬಿದ್ದಿದ್ದು ಕೂಡ ಅವತ್ತು ತಾನೇ ದೋಣಿ ಇಳಿದವರ ಮನೆ ಮುಂದಲ್ಲ, ಅವರು ಸುಮಾರು ದಿನದಿಂದ ಅಲ್ಲೇ ಕೆಲಸ ಮಾಡ್ಕೊಂಡಿದ್ದವರು. 1875ರಲ್ಲಿ ಫಿಜಿಗೆ ದಡಾರ ಬಂದಿದ್ದು ಪರದೇಶಿಯಿಂದಲೂ ಅಲ್ಲ, ಅಲ್ಲಿಯ ರಾಜ ಥಾಕೊಂಬೌ ಮತ್ತವನ ಪರಿವಾರ ಸಿಡ್ನಿ ನೋಡ್ಕೊಂಡು ವಾಪಸ್ ಬಂದಾಗ. ರಾಜ ಬಂದ ಅಂತ ದ್ವೀಪದ್ವೀಪದಿಂದ ನಾಯಕರೆಲ್ಲ ಸಭೆಗೆ ಬಂದ್ರು, ಕಾಯಿಲೆ ಕಟ್ಕೊಂಡು ಊರಿಗೆ ಹೋದ್ರು, ಸುಮಾರು 40,000 ಜನ ಸತ್ರು. ಸ್ವಂತ ರಾಜನಿಗೆ ಯಾರು ಕಲ್ಲು ಹೊಡೀತಾರೆ ಹೇಳಿ?

ಬರೋರು ಯಾರೇ ಆಗ್ಲಿ ತಡೆಯೋದು ಅನ್ನೋದನ್ನ ಸರಿಯಾಗಿ ಮಾಡಿದ್ದು 1918ರ ಫ್ಲೂ ಟೈಮಲ್ಲಿ ಪೆಸಿಫಿಕ್ ಸಾಗರದ ಅಮೆರಿಕನ್ ಸಮೋವಾ. ಪಕ್ಕದ ಪಶ್ಚಿಮ ಸಮೋವಾದಲ್ಲಿ ಆಕ್ಲೆಂಡ್‌ನಿಂದ ಬಂದ ತಲೂನ್ ಹಡಗನ್ನ ನವೆಂಬರ್ 7ಕ್ಕೆ ಬಿಟ್ಕೊಂಡ್ರು, ಜನಸಂಖ್ಯೆಯ ಐದರಲ್ಲಿ ಒಂದು ಪಾಲು ಹೋಯ್ತು. ಅಮೆರಿಕನ್ ಸಮೋವಾದ ಗವರ್ನರ್ ಜಾನ್ ಪೊಯರ್ ರೇಡಿಯೋ ಸುದ್ದಿ ಕೇಳಿ ಕ್ವಾರಂಟೈನ್ ಹಾಕಿದ, ಊರವರೇ ಕಡಲತೀರ ಕಾದ್ರು, ಪಕ್ಕದ ದ್ವೀಪದ ನೆಂಟರ ದೋಣಿಗಳನ್ನೂ ವಾಪಸ್ ಕಳಿಸಿದ್ರು. ಫ್ಲೂಗೆ ಸತ್ತವರು ಸೊನ್ನೆ.

ನಮ್ಮ ಮಂಗಳೂರಿಂದ ಸಾಮಾನು ಹೋಗೋ ಲಕ್ಷದ್ವೀಪವೂ 2020 ಪೂರ್ತಿ ಒಂದೇ ಒಂದು ಕೋವಿಡ್ ಕೇಸ್ ಇಲ್ಲದೇ ಇತ್ತು. ಹೋಗೋರು ಮೊದಲು ಕೊಚ್ಚಿಯಲ್ಲಿ 7 ದಿನ, ಆಮೇಲೆ ದ್ವೀಪದಲ್ಲಿ ಮತ್ತೆ 14 ದಿನ ಕ್ವಾರಂಟೈನ್ ಇರಬೇಕಿತ್ತು, ಊರವರಾದ್ರೂ ಸರಿ. ಡಿಸೆಂಬರ್‌ನಲ್ಲಿ ಆ ದಿನಗಳನ್ನ ಕಿತ್ತುಹಾಕಿ 48 ಗಂಟೆ ಒಳಗಿನ ನೆಗೆಟಿವ್ ಟೆಸ್ಟ್ ಸಾಕು ಅಂದ್ರು. ನಿನ್ನೆ ಸೋಂಕು ಹತ್ತಿದವನಿಗೆ ಇವತ್ತಿನ ಟೆಸ್ಟ್ ನೆಗೆಟಿವ್ ಬರೋದೇ ಜಾಸ್ತಿ, ಇದು ಆಗಲೇ ಎಲ್ಲರಿಗೂ ಗೊತ್ತಿದ್ದ ವಿಷಯ. 2021ರ ಜನವರಿಯಲ್ಲಿ ಮೊದಲ ಕೇಸ್ ಬಂತು, ಅದೂ ಟೂರಿಸ್ಟ್ ಅಲ್ಲ, ಕೊಚ್ಚಿಯಿಂದ ಡ್ಯೂಟಿಗೆ ಅಂತ ಹೋದ ಒಬ್ಬರು.